ಡ್ಯುಯಲ್ ಸಿಂಪ್ಲೆಕ್ಸ್ ಗಣಿತ: ಸೂತ್ರವೂ ಪ್ರಯೋಗವೂ

೧. ವಿಷಯಪ್ರವೇಶ

ಸೂತ್ರವೇ ಶಾಸ್ತ್ರದ ಸರ್ವಸ್ವವಲ್ಲವೆಂಬುದು ವ್ಯಾಕರಣವನ್ನು ವ್ಯಾಸಂಗಮಾಡಿದವರಿಗೆಲ್ಲ ವಿದಿತವಾದ ಸಂಗತಿ. ಅಷ್ಟಾಧ್ಯಾಯಿಯ ಸೂತ್ರಗಳೆಲ್ಲವೂ ಬಾಯಲ್ಲಿ ನಿಂತ ಮಾತ್ರದಿಂದ ರೂಪಸಿದ್ಧಿಯು ಕೈವಶವಾಗುವುದಿಲ್ಲ. ಯಾವ ಸೂತ್ರವು ಎಲ್ಲಿ ಪ್ರವರ್ತಿಸತಕ್ಕದ್ದು, ಎರಡು ಸೂತ್ರಗಳು ಏಕಕಾಲದಲ್ಲಿ ಪ್ರಾಪ್ತವಾದರೆ ಯಾವುದು ಬಲವತ್ತರವಾದುದು ಎಂಬುದನ್ನು ನಿರ್ಣಯಿಸುವ ಪರಿಭಾಷೆಗಳಿಲ್ಲದೆ ಹೋದರೆ ಸೂತ್ರಪಾಠವು ನಿಷ್ಫಲವೇ ಸರಿ. ಗಣಕಯಂತ್ರಗಳಲ್ಲಿ ನಡೆಯುವ ಗಣಿತಕ್ಕೂ ಇದೇ ಸ್ಥಿತಿಯುಂಟು. ಪುಸ್ತಕದಲ್ಲಿ ನಾಲ್ಕು ವಾಕ್ಯಗಳಲ್ಲಿ ಮುಗಿಯುವ ಒಂದು ವಿಧಿಯನ್ನು ಅದಿದ್ದಂತೆಯೇ ಯಂತ್ರಕ್ಕೆ ಒಪ್ಪಿಸಿದರೆ ಅದು ಕೆಲವೆಡೆಗಳಲ್ಲಿ ನಿಂತುಹೋಗುವುದು, ಕೆಲವೆಡೆಗಳಲ್ಲಿ ಸುತ್ತಿದಲ್ಲಿಯೇ ಸುತ್ತುವುದು, ಇನ್ನು ಕೆಲವೆಡೆಗಳಲ್ಲಿ ತಪ್ಪು ಉತ್ತರವನ್ನೇ ಧೈರ್ಯವಾಗಿ ನುಡಿಯುವುದು. ಈ ಸಂಗತಿಯನ್ನು ಡ್ಯುಯಲ್ ಸಿಂಪ್ಲೆಕ್ಸ್ ಎಂಬ ವಿಧಾನವನ್ನು ದೃಷ್ಟಾಂತವಾಗಿಟ್ಟುಕೊಂಡು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಾಹಿತ್ಯಾಧ್ಯಾಪಕರು ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇಕೆಂದು ಶಂಕಿಸಬಹುದು. ಇದಕ್ಕೆ ಸಮಾಧಾನವೇನೆಂದರೆ, ಗಣಿತವನ್ನು ಕನ್ನಡದಲ್ಲಿ ಹೇಳುವುದು ನಮ್ಮಲ್ಲಿ ಹೊಸದೇನೂ ಅಲ್ಲ. ೧೨ನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದನು. ಅದಕ್ಕೂ ಮೊದಲು, ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದನು. ಅಲ್ಲದೆ ಈ ವಿಧಾನದಲ್ಲಿ ಅಡಗಿರುವ ತರ್ಕಕ್ರಮವು—ಅಸಾಧ್ಯವಾದುದರಿಂದ ಹೊರಟು ಸಾಧ್ಯವಾದುದನ್ನು ಮುಟ್ಟಿ, ಮುಟ್ಟಿದ್ದಕ್ಕೆ ಪ್ರಮಾಣವನ್ನೂ ಒದಗಿಸುವ ಕ್ರಮವು—ಪೂರ್ವಪಕ್ಷ ಸಿದ್ಧಾಂತಗಳಲ್ಲಿ ಪಳಗಿದ ವಾಚಕರಿಗೆ ಸ್ವಾರಸ್ಯವಾಗಿ ತೋರದಿರದು.

೨. ಪರಿಭಾಷೆ

ಕೆಲವು ಷರತ್ತುಗಳಿಗೆ ಒಳಪಟ್ಟು ಒಂದು ವೆಚ್ಚವನ್ನು ಕನಿಷ್ಠವಾಗಿಯೋ ಒಂದು ಲಾಭವನ್ನು ಗರಿಷ್ಠವಾಗಿಯೋ ಮಾಡಬೇಕಾಗಿದೆ. ವೆಚ್ಚವಾಗಲಿ ಷರತ್ತುಗಳಾಗಲಿ ಅವ್ಯಕ್ತರಾಶಿಗಳ ವರ್ಗ ಘನಾದಿಗಳಿಲ್ಲದೆ, ಪರಸ್ಪರ ಗುಣಾಕಾರವಿಲ್ಲದೆ ಇವೆ. ಇಂತಹ ಪ್ರಶ್ನೆಗಳ ಶಾಸ್ತ್ರಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ಇದನ್ನು ಇಲ್ಲಿ ‘ರೇಖೀಯ ಯೋಜನಗಣಿತ’ವೆಂದು ಕರೆಯೋಣ. ಷರತ್ತಿಗೆ ‘ನಿರ್ಬಂಧ’ವೆಂದೂ, ನಿರ್ಬಂಧವು ಬೇಡುವುದಕ್ಕಿಂತ ಹೆಚ್ಚಾಗಿ ದೊರೆತ ಭಾಗಕ್ಕೆ ‘ಮಿಗಿಲು’ ಎಂದೂ ಸಂಜ್ಞೆ. ಮಿಗಿಲು ಋಣವಾದರೆ ಅದೇ ಕೊರತೆ.

ಡ್ಯುಯಲ್ ಎಂಬುದನ್ನು ‘ದ್ವಂದ್ವ’ವೆಂದು ಅನುವಾದಿಸಲು ಮನಸ್ಸು ಹೋಗುವುದು ಸಹಜ. ಆದರೆ ವ್ಯಾಕರಣದ ದ್ವಂದ್ವವು ಎರಡು ಪದಾರ್ಥಗಳನ್ನು ಸಮಪ್ರಧಾನವಾಗಿ ಒಂದೆಡೆ ಕೂಡಿಸುವುದು. ಲೋಕದಲ್ಲಿ ದ್ವಂದ್ವವೆಂದರೆ ಕಲಹ. ಇಲ್ಲಿಯಾದರೋ ಒಂದೇ ವಸ್ತುವನ್ನು ಎದುರುದಿಕ್ಕಿನಿಂದ ನೋಡಿದಾಗ ಕಾಣುವ ಎರಡನೆಯ ಪ್ರಶ್ನೆಯು ಅಭಿಪ್ರೇತ. ಪ್ರತಿಬಿಂಬದ ಪ್ರತಿಬಿಂಬವು ಹೇಗೆ ಮೊದಲಿನ ಆಕಾರವನ್ನೇ ಹೊಂದುವುದೋ ಹಾಗೆ ಎರಡನೆಯ ಪ್ರಶ್ನೆಯ ಎದುರುಪ್ರಶ್ನೆಯು ಮೊದಲನೆಯದೇ ಆಗುವುದು. ಆದಕಾರಣ ಮೊದಲನೆಯದನ್ನು ‘ಮೂಲಸಮಸ್ಯೆ’ಯೆಂದೂ ಎರಡನೆಯದನ್ನು ‘ಪ್ರತಿಸಮಸ್ಯೆ’ಯೆಂದೂ ಕರೆಯುವುದು ಯುಕ್ತವೆಂದು ತೋರುತ್ತದೆ. ಸಿಂಪ್ಲೆಕ್ಸ್ ಎಂಬ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದೆ.

೩. ಇತಿಹಾಸ

ರಷ್ಯಾದೇಶದ ಲೆನಿನ್‌ಗ್ರಾಡಿನಲ್ಲಿ ಲಿಯೊನಿದ್ ಕಾಂಟೊರೋವಿಚನು ೧೯೩೯ರಲ್ಲಿಯೇ ಕಾರ್ಖಾನೆಗಳ ಕೆಲಸವನ್ನು ಹಂಚುವ ಪ್ರಶ್ನೆಗಳನ್ನು ಈ ರೂಪದಲ್ಲಿ ವಿಚಾರಿಸಿದ್ದನು. ಅಮೆರಿಕದ ವಾಯುಸೇನೆಯ ಯೋಜನೆಗಳಿಗಾಗಿ ದುಡಿಯುತ್ತಿದ್ದ ಜಾರ್ಜ್ ಡಾಂಟ್‌ಜಿಗನು ೧೯೪೭ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ಕಂಡುಹಿಡಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ಪ್ರಿನ್ಸ್‌ಟನ್ನಿನಲ್ಲಿ ಜಾನ್ ಫಾನ್ ನಾಯ್ಮನ್ನನನ್ನು ಕಂಡಾಗ, ಆ ಮಹಾಗಣಿತಜ್ಞನು ಪ್ರಶ್ನೆಯನ್ನು ಕೇಳಿದೊಡನೆಯೇ ಅದಕ್ಕೊಂದು ಪ್ರತಿಸಮಸ್ಯೆಯುಂಟೆಂಬುದನ್ನು ವಿವರಿಸಿದನು. ಗೇಲ್, ಕೂನ್, ಟಕರ್ ಎಂಬ ಮೂವರು ೧೯೫೧ರಲ್ಲಿ ಇದರ ಉಪಪತ್ತಿಯನ್ನು ಪ್ರಕಟಿಸಿದರು. ಕಾರ್ಲ್‌ಟನ್ ಲೆಮ್ಕೆಯು ೧೯೫೪ರಲ್ಲಿ ಪ್ರತಿಸಮಸ್ಯೆಯ ಮಾರ್ಗವಾಗಿ ನಡೆಯುವ ವಿಧಾನವನ್ನು, ಎಂದರೆ ಡ್ಯುಯಲ್ ಸಿಂಪ್ಲೆಕ್ಸನ್ನು, ಮುಂದಿಟ್ಟನು. ಕಾಂಟೊರೋವಿಚ್ ಮತ್ತು ಕೂಪ್‌ಮನ್ಸರಿಗೆ ೧೯೭೫ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಯಂತ್ರವಿಲ್ಲದೆ ಈ ಗಣಿತವು ಎಷ್ಟು ಶ್ರಮಸಾಧ್ಯವೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಜಾರ್ಜ್ ಸ್ಟಿಗ್ಲರನು ೧೯೪೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ ೭೭ ಆಹಾರಪದಾರ್ಥಗಳಿಂದ ೯ ಪೋಷಕಾಂಶಗಳನ್ನು ಅತ್ಯಲ್ಪ ವೆಚ್ಚದಲ್ಲಿ ಹೇಗೆ ಪಡೆಯಬಹುದೆಂದು ವಿಚಾರಿಸಿ, ೧೯೩೯ರ ಧಾರಣೆಯಂತೆ ವರ್ಷಕ್ಕೆ ೩೯.೯೩ ಡಾಲರುಗಳಾಗುವುದೆಂದು ಯುಕ್ತಿಯಿಂದ ಅಂದಾಜುಮಾಡಿದ್ದನು. ೧೯೪೭ರಲ್ಲಿ ಜ್ಯಾಕ್ ಲೇಡರ್ಮನ್ನನ ಮೇಲ್ವಿಚಾರಣೆಯಲ್ಲಿ ಇದೇ ಪ್ರಶ್ನೆಯನ್ನು ಸಿಂಪ್ಲೆಕ್ಸ್ ವಿಧಾನದಿಂದ ಕೈಯಂತ್ರಗಳ ಮೇಲೆ ಲೆಕ್ಕಮಾಡಲು ಸುಮಾರು ೧೨೦ ಆಳುದಿನಗಳು ಹಿಡಿದುವು, ಉತ್ತರವು ೩೯.೬೯ ಡಾಲರುಗಳಾಯಿತು. ಸ್ಟಿಗ್ಲರನ ಯುಕ್ತಿಯು ೨೪ ಸೆಂಟುಗಳಷ್ಟು ಮಾತ್ರ ತಪ್ಪಿತ್ತು. ಆದರೆ ‘ಇದಕ್ಕಿಂತ ಕಡಮೆಯಿಲ್ಲ’ವೆಂದು ಹೇಳುವ ಅಧಿಕಾರವು ಅವನ ಯುಕ್ತಿಗೆ ಇರಲಿಲ್ಲ; ಎರಡನೆಯ ಲೆಕ್ಕಕ್ಕೆ ಇತ್ತು. ಈ ಭೇದವೇ ಮುಂದಿನ ವಿಚಾರಕ್ಕೆಲ್ಲ ಬೀಜ.

೪. ಉದಾಹರಣೆಯಿಂದ ವಿಧಾನನಿರೂಪಣೆ

ಒಂದು ಅನ್ನಸತ್ರವನ್ನು ಭಾವಿಸೋಣ. ಅಲ್ಲಿ ಎರಡು ಧಾನ್ಯಗಳು. ಮೊದಲನೆಯದರ ಒಂದು ಕೊಳಗಕ್ಕೆ ೪ ಹಣ ಬೆಲೆ. ಅದರಲ್ಲಿ ಪುಷ್ಟಿಯು ೨ ಅಂಶ, ಬಲವು ೧ ಅಂಶ. ಎರಡನೆಯದರ ಕೊಳಗಕ್ಕೆ ೩ ಹಣ. ಅದರಲ್ಲಿ ಪುಷ್ಟಿಯು ೧ ಅಂಶ, ಬಲವು ೩ ಅಂಶ. ಸತ್ರಕ್ಕೆ ದಿನವೊಂದಕ್ಕೆ ಪುಷ್ಟಿಯು ೧೦ ಅಂಶಕ್ಕೂ ಬಲವು ೧೫ ಅಂಶಕ್ಕೂ ಕಡಮೆಯಾಗಕೂಡದು. ಕನಿಷ್ಠವೆಚ್ಚವೆಷ್ಟು? ಅಂಕಗಳು ಉದಾಹರಣೆಗಾಗಿ ಕಲ್ಪಿತವಾದುವು.

ಬೀಜಗಣಿತಕಾರರು ಅವ್ಯಕ್ತಗಳಿಗೆ ಯಾವತ್ತಾವತ್, ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಹೆಸರಿಟ್ಟು ಮೊದಲಕ್ಷರಗಳಿಂದ ಸೂಚಿಸುತ್ತಿದ್ದರಷ್ಟೆ. ಅದೇ ಸಂಪ್ರದಾಯದಂತೆ ಧಾನ್ಯಗಳ ಪ್ರಮಾಣವು ಯಾ, ಕಾ. ಪುಷ್ಟಿಯ ಮಿಗಿಲು ನೀ. ಬಲದ ಮಿಗಿಲು ಪೀ. ಈ ನಾಲ್ಕರಲ್ಲಿ ಯಾವುದೂ ಋಣವಾಗಕೂಡದು. ಆಗ—

ವೆಚ್ಚ = ೪ಯಾ + ೩ಕಾ
ನೀ = ೨ಯಾ + ಕಾ − ೧೦
ಪೀ = ಯಾ + ೩ಕಾ − ೧೫

ಬಲಗಡೆಯ ಅವ್ಯಕ್ತಗಳೆಲ್ಲವನ್ನೂ ಶೂನ್ಯವೆಂದಿಟ್ಟರೆ ವೆಚ್ಚವು ೦. ಇದಕ್ಕಿಂತ ಅಗ್ಗವಾದುದಿಲ್ಲ, ಆದರೆ ಸತ್ರದಲ್ಲಿ ಅನ್ನವೇ ಇಲ್ಲ. ನೀ = −೧೦, ಪೀ = −೧೫; ಎರಡೂ ಕೊರತೆಗಳು. ಸಾಮಾನ್ಯ ಸಿಂಪ್ಲೆಕ್ಸ್ ವಿಧಾನವು ಸಾಧ್ಯವಾದ, ಆದರೆ ದುಬಾರಿಯಾದ ಏರ್ಪಾಟಿನಿಂದ ಹೊರಟು ವೆಚ್ಚವನ್ನು ಇಳಿಸುತ್ತ ಬರುವುದು. ಡ್ಯುಯಲ್ ಸಿಂಪ್ಲೆಕ್ಸ್ ಇದಕ್ಕೆ ವಿಲೋಮ. ಅದು ಅಗ್ಗವಾದ, ಆದರೆ ಅಸಾಧ್ಯವಾದ ಏರ್ಪಾಟಿನಿಂದ ಹೊರಟು ಕೊರತೆಗಳನ್ನು ನೀಗುತ್ತ ಹೋಗುವುದು. ವೆಚ್ಚವು ಕೆಳಗಿನಿಂದ ಮೇಲಕ್ಕೆ ಏರುವುದು.

ವಿಧಿಯು ಹೀಗಿದೆ. ಕೊರತೆಯುಳ್ಳ ಒಂದು ಪಂಕ್ತಿಯನ್ನು ಆರಿಸತಕ್ಕದ್ದು. ಆ ಪಂಕ್ತಿಯಲ್ಲಿ ಧನಗುಣಕವುಳ್ಳ ಅವ್ಯಕ್ತಗಳನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಂದರ ವೆಚ್ಚಗುಣಕವನ್ನು ಈ ಗುಣಕದಿಂದ ಭಾಗಿಸಿ, ಕನಿಷ್ಠ ಲಬ್ಧವುಳ್ಳದ್ದನ್ನು ಎಡಗಡೆಗೆ ತರತಕ್ಕದ್ದು. ಪಂಕ್ತಿಯ ಮಿಗಿಲು ಬಲಗಡೆಗೆ ಹೋಗುವುದು. ಭಾಜಕವಾದ ಗುಣಕಕ್ಕೆ ‘ಕೀಲಂಕ’ವೆಂದು ಹೆಸರಿಡೋಣ, ಬದಲಾವಣೆಯೆಲ್ಲವೂ ಅದರ ಮೇಲೆಯೇ ತಿರುಗುವುದು.

ದೊಡ್ಡ ಕೊರತೆಯು ಪೀ ಪಂಕ್ತಿಯಲ್ಲಿದೆ. ಲಬ್ಧಗಳು: ಯಾ ಎಂಬುದಕ್ಕೆ ೪/೧ = ೪; ಕಾ ಎಂಬುದಕ್ಕೆ ೩/೩ = ೧. ಕಾ ಎಡಗಡೆಗೆ ಬರಬೇಕು. ಆಗ—

ಕಾ = ೫ − (೧/೩)ಯಾ + (೧/೩)ಪೀ
ನೀ = −೫ + (೫/೩)ಯಾ + (೧/೩)ಪೀ
ವೆಚ್ಚ = ೧೫ + ೩ಯಾ + ಪೀ

ಕನಿಷ್ಠ ಲಬ್ಧವನ್ನೇ ಏಕೆ ಹಿಡಿಯಬೇಕೆಂದರೆ, ಯಾ ಎಂಬುದನ್ನು ತಂದಿದ್ದರೆ ವೆಚ್ಚವು ೬೦ − ೯ಕಾ + ೪ಪೀ ಎಂದಾಗುತ್ತಿತ್ತು. ವೆಚ್ಚದ ಸಾಲಿನಲ್ಲಿ ಋಣಗುಣಕವು ಬಂದೊಡನೆ ‘ವೆಚ್ಚವು ಇದಕ್ಕಿಂತ ಕಡಮೆಯಾಗಲಾರದು’ ಎಂಬ ಮಾತು ಬಿದ್ದುಹೋಗುವುದು. ಗುಣಕಗಳೆಲ್ಲವೂ ಧನವೋ ಶೂನ್ಯವೋ ಆಗಿರುವವರೆಗೆ ಮಾತ್ರ ಆ ಮಾತಿಗೆ ಬೆಲೆ. ಈ ಗುಣವನ್ನು ಎಂದೂ ಬಿಡದಿರುವುದೇ ಈ ವಿಧಾನದ ವ್ರತ.

ಈಗ ನೀ ಪಂಕ್ತಿಯಲ್ಲಿ ೫ ಕೊರತೆಯಿದೆ. ಲಬ್ಧಗಳು: ಯಾ ಎಂಬುದಕ್ಕೆ ೩ ÷ ೫/೩ = ೯/೫; ಪೀ ಎಂಬುದಕ್ಕೆ ೧ ÷ ೧/೩ = ೩. ಯಾ ಬರುವುದು—

ಯಾ = ೩ + (೩/೫)ನೀ − (೧/೫)ಪೀ
ಕಾ = ೪ − (೧/೫)ನೀ + (೨/೫)ಪೀ
ವೆಚ್ಚ = ೨೪ + (೯/೫)ನೀ + (೨/೫)ಪೀ

ಕೊರತೆಗಳು ತೀರಿದುವು. ಮೊದಲನೆಯದು ೩ ಕೊಳಗ, ಎರಡನೆಯದು ೪ ಕೊಳಗ; ವೆಚ್ಚ ೨೪ ಹಣ.

೫. ಪ್ರಮಾಣವಿಚಾರ

೨೪ಕ್ಕಿಂತ ಕಡಮೆಯಿಲ್ಲವೆಂಬುದಕ್ಕೆ ಪ್ರಮಾಣವೇನು? ಲೆಕ್ಕಮಾಡಿದವನ ಮಾತೇ ಪ್ರಮಾಣವಾಗಬೇಕಾಗಿಲ್ಲ. ಕೊನೆಯ ಸಾಲಿನ ೯/೫, ೨/೫ ಎಂಬ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಪುಷ್ಟಿಯ ನಿರ್ಬಂಧವನ್ನು ೯/೫ರಿಂದಲೂ ಬಲದ ನಿರ್ಬಂಧವನ್ನು ೨/೫ರಿಂದಲೂ ಗುಣಿಸಿ ಕೂಡಿಸಿದರೆ, ೪ಯಾ + ೩ಕಾ ಎಂಬುದು ೧೮ + ೬ಕ್ಕೆ, ಎಂದರೆ ೨೪ಕ್ಕೆ ಕಡಮೆಯಾಗಲಾರದೆಂದು ತಾನೇ ಹೊರಡುವುದು. ಎಡಗಡೆಯದು ವೆಚ್ಚವೇ ಆದಕಾರಣ ವಾದವು ಮುಗಿಯಿತು. ವಿಧಾನವನ್ನೇ ಅರಿಯದವನೂ ಈ ಗುಣಾಕಾರವನ್ನು ಮಾಡಿ ಒಪ್ಪಬಹುದು.

ಆ ಎರಡು ಸಂಖ್ಯೆಗಳೇ ಪ್ರತಿಸಮಸ್ಯೆಯ ಉತ್ತರ. ಧಾನ್ಯವನ್ನಲ್ಲದೆ ಪುಷ್ಟಿ ಬಲಗಳನ್ನೇ ಬಿಡಿಯಾಗಿ ಮಾರುವ ಒಬ್ಬ ವರ್ತಕನಿದ್ದರೆ ಅವನು ಅಂಶಕ್ಕೆ ಎಷ್ಟು ಬೆಲೆಯಿಡಬಹುದು? ಒಂದು ಕೊಳಗದಲ್ಲಿರುವ ಅಂಶಗಳ ಬೆಲೆಯು ಆ ಕೊಳಗದ ಬೆಲೆಯನ್ನು ಮೀರಿದರೆ ಸತ್ರದವರು ಧಾನ್ಯವನ್ನೇ ಕೊಳ್ಳುವರು. ಪುಷ್ಟಿಗೆ ೯/೫, ಬಲಕ್ಕೆ ೨/೫ ಎಂದಿಟ್ಟರೆ ಮೊದಲ ಧಾನ್ಯದ ಅಂಶಗಳಿಗೆ ಸರಿಯಾಗಿ ೪, ಎರಡನೆಯದಕ್ಕೆ ಸರಿಯಾಗಿ ೩. ವರ್ತಕನಿಗೆ ಬರುವ ಗರಿಷ್ಠ ಹಣವೂ ೨೪. ಕೊಳ್ಳುವವನ ಕನಿಷ್ಠವೂ ಮಾರುವವನ ಗರಿಷ್ಠವೂ ಒಂದೇ ಎಡೆಯಲ್ಲಿ ಸೇರುವುದೇ ಈ ಶಾಸ್ತ್ರದ ಪ್ರಧಾನಸಿದ್ಧಾಂತ.

೬. ಈ ವಿಧಾನಕ್ಕೆ ಪ್ರಾಶಸ್ತ್ಯವೇಕೆ

ಸತ್ರದ ಉಗ್ರಾಣದಲ್ಲಿ ಎರಡನೆಯ ಧಾನ್ಯವು ೩ ಕೊಳಗ ಮಾತ್ರವಿದೆಯೆಂದು ಆಮೇಲೆ ತಿಳಿದುಬಂದಿತೆನ್ನೋಣ. ಉಳಿದ ಧಾನ್ಯವನ್ನು ಲೋ ಎಂದು ಕರೆದರೆ—

ಲೋ = ೩ − ಕಾ = −೧ + (೧/೫)ನೀ − (೨/೫)ಪೀ

ಹೊಸದೊಂದು ಕೊರತೆಯು ಹುಟ್ಟಿತು. ಆದರೆ ವೆಚ್ಚದ ಸಾಲು ಕೆಡಲಿಲ್ಲ. ಮೊದಲಿನಿಂದ ತೊಡಗಬೇಕಾಗಿಲ್ಲ. ಧನಗುಣಕವು ನೀ ಒಂದಕ್ಕೇ ಇರುವುದರಿಂದ ಅದನ್ನು ತಂದರೆ ವೆಚ್ಚ = ೩೩ + ೯ಲೋ + ೪ಪೀ. ಒಂದೇ ಹೆಜ್ಜೆಯಲ್ಲಿ ಹೊಸ ಉತ್ತರವು ದೊರೆಯಿತು: ಯಾ = ೬, ಕಾ = ೩, ವೆಚ್ಚ ೩೩.

ಮೊದಲ ಧಾನ್ಯವೂ ೫ ಕೊಳಗಕ್ಕಿಂತ ಹೆಚ್ಚಿಲ್ಲವೆಂದಾದರೆ? ಈಗಿನ ಪಂಕ್ತಿಯಂತೆ ಯಾ = ೬ + ಪೀ + ೩ಲೋ; ಆದುದರಿಂದ ಉಳಿಕೆಯು ೫ − ಯಾ = −೧ − ಪೀ − ೩ಲೋ. ಇಲ್ಲಿ ಧನಗುಣಕವೇ ಇಲ್ಲ. ಪೀ, ಲೋ ಎಂಬುವು ಋಣವಾಗಲಾರದೆ ಇರುವುದರಿಂದ ಬಲಗಡೆಯು ಎಂದೂ −೧ನ್ನು ದಾಟಿ ಮೇಲೆ ಬರಲಾರದು. ಆದಕಾರಣ ಪ್ರಶ್ನೆಗೆ ಉತ್ತರವೇ ಇಲ್ಲ. ಇದನ್ನೂ ಬೇರೆಯಾಗಿ ಪರೀಕ್ಷಿಸಬಹುದು: ೫ ಕೊಳಗ ಮತ್ತು ೩ ಕೊಳಗಗಳಿಂದ ದೊರೆಯುವ ಬಲವು ೫ + ೯ = ೧೪; ಬೇಕಾದುದು ೧೫. ‘ಇಲ್ಲ’ವೆಂಬ ಉತ್ತರಕ್ಕೂ ಪ್ರಮಾಣವು ಜೊತೆಯಲ್ಲಿಯೇ ಬರುವುದು ಈ ವಿಧಾನದ ವಿಶೇಷ.

ನಿರ್ಬಂಧಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುವ ಸಂದರ್ಭಗಳು ಅನೇಕ. ಉತ್ತರವು ಪೂರ್ಣಾಂಕವೇ ಆಗಬೇಕೆಂಬ ಪ್ರಶ್ನೆಗಳು—ಬಂಡಿಗಳೆಷ್ಟು, ಆಳುಗಳೆಷ್ಟು, ಯಾವ ವಿಮಾನವು ಯಾವ ಊರಿಗೆ ಎಂಬಂತಹವು—ಇದಕ್ಕೆ ಮುಖ್ಯವಾದ ನಿದರ್ಶನ. ರಾಲ್ಫ್ ಗೊಮೊರಿಯು ೧೯೫೮ರಲ್ಲಿ ಭಿನ್ನೋತ್ತರಗಳನ್ನು ಕತ್ತರಿಸಿಹಾಕುವ ಹೊಸ ನಿರ್ಬಂಧಗಳನ್ನು ಸೇರಿಸುವ ಮಾರ್ಗವನ್ನೂ, ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡೊಯ್ಗ್ ಎಂಬ ವಿದುಷಿಯರು ೧೯೬೦ರಲ್ಲಿ ಪ್ರಶ್ನೆಯನ್ನು ಶಾಖೆಗಳಾಗಿ ಒಡೆಯುವ ಮಾರ್ಗವನ್ನೂ ತೋರಿಸಿದರು. ಎರಡರಲ್ಲಿಯೂ ಹಳೆಯ ಉತ್ತರದಿಂದಲೇ ಮುಂದುವರಿಯುವ ಡ್ಯುಯಲ್ ಸಿಂಪ್ಲೆಕ್ಸ್ ಅತ್ಯಂತ ಉಪಕಾರಿ. ನರೇಂದ್ರ ಕರ್ಮಾರ್ಕರರು ೧೯೮೪ರಲ್ಲಿ ಪ್ರಕಟಿಸಿದ ಅಂತರ್ಮಾರ್ಗದ ವಿಧಾನವು ದೊಡ್ಡ ಪ್ರಶ್ನೆಗಳನ್ನು ಒಮ್ಮೆಗೇ ಬಿಡಿಸುವುದರಲ್ಲಿ ಬಹು ಸಮರ್ಥವಾದುದಾದರೂ, ಹಳೆಯ ಉತ್ತರದಿಂದ ಹೊರಡುವ ಈ ಸೌಕರ್ಯವು ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

೭. ಯಂತ್ರದಲ್ಲಿ ಎದುರಾಗುವ ತೊಡಕುಗಳು

ಇಷ್ಟರಿಂದ ಸೂತ್ರವು ಸುಲಭವೆಂದು ತೋರುವುದು. ಇನ್ನು ಪ್ರಯೋಗ.

ಮೊದಲನೆಯದು ಗಾತ್ರದ ತೊಡಕು. ೧೦,೦೦೦ ನಿರ್ಬಂಧಗಳೂ ೨೦,೦೦೦ ಅವ್ಯಕ್ತಗಳೂ ಇರುವ ಪ್ರಶ್ನೆಯು ಇಂದು ದೊಡ್ಡದೆನಿಸುವುದಿಲ್ಲ. ಮೇಲಿನಂತೆ ಪೂರ್ತಿ ಕೋಷ್ಟಕವನ್ನು ಬರೆದರೆ ಅದರಲ್ಲಿ ೨೦ ಕೋಟಿ ಸ್ಥಾನಗಳಿರುವುವು. ಪ್ರತಿ ಹೆಜ್ಜೆಯಲ್ಲಿಯೂ ಅಷ್ಟನ್ನೂ ತಿದ್ದಬೇಕು. ಆದರೆ ಒಂದೊಂದು ಅವ್ಯಕ್ತವು ಐದಾರು ನಿರ್ಬಂಧಗಳಲ್ಲಿ ಮಾತ್ರ ಬರುವುದು ಲೋಕಸ್ವಭಾವ. ಐದರಂತೆ ಹಿಡಿದರೆ ಶೂನ್ಯವಲ್ಲದ ಸಂಖ್ಯೆಗಳು ಒಂದು ಲಕ್ಷ ಮಾತ್ರ. ಆದಕಾರಣ ತಂತ್ರಾಂಶವು ಕೋಷ್ಟಕವನ್ನು ಬರೆಯುವುದೇ ಇಲ್ಲ. ಮೂಲಸಂಖ್ಯೆಗಳನ್ನು ಶೂನ್ಯಗಳನ್ನು ಬಿಟ್ಟು ಇಟ್ಟುಕೊಂಡು, ಎಡಗಡೆಯಲ್ಲಿರುವ ಅವ್ಯಕ್ತಗಳ ಮಾತೃಕೆಯನ್ನು ಎರಡು ತ್ರಿಕೋಣಾಕಾರದ ಮಾತೃಕೆಗಳ ಗುಣಲಬ್ಧವಾಗಿ ಒಡೆದಿಟ್ಟು, ಬೇಕಾದ ಒಂದು ಪಂಕ್ತಿಯನ್ನೂ ಒಂದು ಸ್ತಂಭವನ್ನೂ ಆಗಾಗ ಉತ್ಪತ್ತಿಮಾಡಿಕೊಳ್ಳುವುದು. ಒಡೆಯುವಾಗ ಹೊಸ ಸಂಖ್ಯೆಗಳು ಹೆಚ್ಚಾಗಿ ಹುಟ್ಟದಂತೆ ಕೀಲಂಕಗಳನ್ನು ಆರಿಸುವ ಉಪಾಯವನ್ನು ಹ್ಯಾರಿ ಮಾರ್ಕೊವಿಟ್ಸನು ೧೯೫೭ರಲ್ಲಿ ಹೇಳಿದನು. ಒಂದೊಂದು ಹೆಜ್ಜೆಗೂ ಮತ್ತೆ ಒಡೆಯದೆ ಇದ್ದುದನ್ನೇ ತಿದ್ದಿಕೊಳ್ಳುವ ಕ್ರಮವನ್ನು ಫಾರೆಸ್ಟ್ ಮತ್ತು ಟಾಮ್ಲಿನ್ ಎಂಬುವರು ೧೯೭೨ರಲ್ಲಿ ಪ್ರಕಟಿಸಿದರು. ತಿದ್ದುಪಡಿಗಳು ಹೆಚ್ಚಿ ಕಲ್ಮಷವು ಕೂಡಿಕೊಂಡಾಗ ಮೂಲಸಂಖ್ಯೆಗಳಿಂದ ಹೊಸದಾಗಿ ಒಡೆಯತಕ್ಕದ್ದು. ಪ್ರತಿಯಿಂದ ಪ್ರತಿಮಾಡುತ್ತ ಹೋದ ಓಲೆಯ ಪಾಠವನ್ನು ಆಗಾಗ ಮಾತೃಕಾಪ್ರತಿಯೊಡನೆ ಹೋಲಿಸಿ ನೋಡುವುದು ಗ್ರಂಥಸಂಪಾದಕರಿಗೆ ಹೊಸದಲ್ಲವಷ್ಟೆ.

ಎರಡನೆಯದು ಆಯ್ಕೆಯ ತೊಡಕು. ನಾವು ದೊಡ್ಡ ಕೊರತೆಯ ಪಂಕ್ತಿಯನ್ನು ಆರಿಸಿದೆವು. ಆದರೆ ಕೊರತೆಯು ದೊಡ್ಡದಾದ ಮಾತ್ರಕ್ಕೆ ಅದು ಒಳ್ಳೆಯ ದಾರಿಯಾಗಲಾರದು. ಬೆಟ್ಟವನ್ನು ಹತ್ತುವವನು ಎಷ್ಟು ಎತ್ತರಕ್ಕೆ ಏರಿದೆನೆಂಬುದನ್ನಲ್ಲದೆ ಅದಕ್ಕಾಗಿ ಎಷ್ಟು ದೂರ ನಡೆದೆನೆಂಬುದನ್ನೂ ಎಣಿಸಬೇಕು. ಕೊರತೆಯ ವರ್ಗವನ್ನು ಆ ದಿಕ್ಕಿನ ಉದ್ದದ ವರ್ಗದಿಂದ ಭಾಗಿಸಿ, ಬಂದ ಲಬ್ಧವು ಯಾವ ಪಂಕ್ತಿಯಲ್ಲಿ ಗರಿಷ್ಠವೋ ಅದನ್ನು ಆರಿಸುವುದು ಕಡಿದಾದ ದಾರಿಯನ್ನು ಹಿಡಿಯುವ ಕ್ರಮ. ಉದ್ದಗಳನ್ನು ಪ್ರತಿ ಹೆಜ್ಜೆಯಲ್ಲಿಯೂ ಹೊಸದಾಗಿ ಅಳೆಯದೆ ತಿದ್ದಿಕೊಂಡು ಹೋಗುವ ರೀತಿಯನ್ನು ಫಾರೆಸ್ಟ್ ಮತ್ತು ಗೋಲ್ಡ್‌ಫಾರ್ಬ್ ೧೯೯೨ರಲ್ಲಿ ನಿರೂಪಿಸಿದರು. ಹೆಜ್ಜೆಯೊಂದಕ್ಕೆ ಶ್ರಮವು ಕೊಂಚ ಹೆಚ್ಚಿದರೂ ಹೆಜ್ಜೆಗಳ ಸಂಖ್ಯೆಯು ಬಹಳ ತಗ್ಗುವುದರಿಂದ ಈ ವಿಧಾನವು ಪ್ರಚಾರಕ್ಕೆ ಬರಲು ಇದೊಂದು ಮುಖ್ಯಕಾರಣವಾಯಿತು.

ಮೂರನೆಯದು ಸಂಖ್ಯೆಯ ತೊಡಕು. ಇದು ಎಲ್ಲಕ್ಕಿಂತ ಗಹನವಾದುದು. ಮೇಲಿನ ಉದಾಹರಣೆಯಲ್ಲಿ ೧/೩, ೯/೫ ಎಂದು ಬರೆದೆವು. ಗಣಕಯಂತ್ರವು ದ್ವಿಮಾನಪದ್ಧತಿಯದು, ಅದರಲ್ಲಿ ಈ ಎರಡು ಭಿನ್ನಗಳೂ ಮುಗಿಯದೆ ಹೋಗುವುವು. ೧೯೮೫ರಲ್ಲಿ ನಿಶ್ಚಿತವಾದ, ಈಗ ಸರ್ವತ್ರ ರೂಢಿಯಲ್ಲಿರುವ ಕಟ್ಟಳೆಯಂತೆ ಸುಮಾರು ೧೬ ದಶಮಾನಾಂಕಗಳಷ್ಟನ್ನು ಇಟ್ಟುಕೊಂಡು ಉಳಿದುದನ್ನು ಯಂತ್ರವು ಕೈಬಿಡುವುದು. ಹೀಗಾಗಿ ಶೂನ್ಯವಾಗಬೇಕಾದ ಸಂಖ್ಯೆಯು ಲಕ್ಷ ಕೋಟಿಯಲ್ಲೊಂದು ಭಾಗವಾಗಿ ಉಳಿಯಬಹುದು. ಸೂತ್ರವು ‘ಧನಗುಣಕ’ವೆಂದಷ್ಟೇ ಹೇಳುವುದು. ಯಂತ್ರವು ಈ ಮಿಥ್ಯಾಧನವನ್ನು ನಿಜವೆಂದು ನಂಬಿ ಅದನ್ನೇ ಕೀಲಂಕವಾಗಿ ಹಿಡಿದು ಭಾಗಿಸಿದರೆ, ಮೊದಲಿದ್ದ ಸೂಕ್ಷ್ಮದೋಷವು ಲಕ್ಷ ಕೋಟಿ ಪಾಲು ಹಿಗ್ಗಿ ಲೆಕ್ಕವೆಲ್ಲವನ್ನೂ ಕೆಡಿಸುವುದು. ರಜ್ಜುಸರ್ಪನ್ಯಾಯವೆಂದರೆ ಇದೇ.

ಆದಕಾರಣ ‘ಸಹನಮಿತಿ’ಯೆಂಬ ಪರಿಭಾಷೆಯು ಅವಶ್ಯವಾಗುವುದು. ಕೊರತೆಯು ಕೋಟಿಯಲ್ಲೊಂದು ಭಾಗಕ್ಕಿಂತ ಚಿಕ್ಕದಾಗಿದ್ದರೆ ಅದನ್ನು ಕೊರತೆಯೆಂದು ಎಣಿಸಬಾರದು, ತೀರ ಚಿಕ್ಕ ಗುಣಕವನ್ನು ಕೀಲಂಕವಾಗಿ ಹಿಡಿಯಬಾರದು ಎಂಬಂತಹ ಮಿತಿಗಳಿವು. ಪೌಲಾ ಹ್ಯಾರಿಸ್ ಎಂಬಾಕೆ ೧೯೭೩ರಲ್ಲಿ ಇದನ್ನು ಲಬ್ಧಪರೀಕ್ಷೆಗೆ ಬಹು ಚಮತ್ಕಾರವಾಗಿ ಅನ್ವಯಿಸಿದಳು. ಪರೀಕ್ಷೆಯನ್ನು ಎರಡಾವೃತ್ತಿಯಾಗಿ ನಡೆಸಬೇಕು. ಮೊದಲ ಆವೃತ್ತಿಯಲ್ಲಿ ಪ್ರತಿ ವೆಚ್ಚಗುಣಕಕ್ಕೂ ಸಹನಮಿತಿಯನ್ನು ಕೂಡಿಸಿ ಕನಿಷ್ಠ ಲಬ್ಧವನ್ನು ಕಂಡು ಅದನ್ನು ಎಲ್ಲೆಯಾಗಿಡುವುದು. ಎರಡನೆಯ ಆವೃತ್ತಿಯಲ್ಲಿ ನಿಜವಾದ ಲಬ್ಧವು ಈ ಎಲ್ಲೆಯೊಳಗಿರುವ ಅವ್ಯಕ್ತಗಳಲ್ಲಿ ಯಾವುದರ ಕೀಲಂಕವು ಅತಿದೊಡ್ಡದೋ ಅದನ್ನು ಹಿಡಿಯುವುದು. ಒಂದರ ಲಬ್ಧವು ೧, ಕೀಲಂಕವು ಹತ್ತುಲಕ್ಷದಲ್ಲೊಂದು ಭಾಗ. ಮತ್ತೊಂದರ ಲಬ್ಧವು ೧.೦೦೦೦೦೦೦೩, ಕೀಲಂಕವು ೩ ಎಂದಿರಲಿ. ಸೂತ್ರದ ಅಕ್ಷರವನ್ನು ನಂಬಿದವನು ಮೊದಲನೆಯದನ್ನು ಹಿಡಿದು ಕೆಡುವನು. ಹ್ಯಾರಿಸಳ ವಿಧಿಯು ಎರಡನೆಯದನ್ನು ಹಿಡಿಯುವುದು. ಅದರಿಂದ ಮೊದಲನೆಯದರ ವೆಚ್ಚಗುಣಕವು ಋಣಕ್ಕಿಳಿದರೂ ಇಳಿಯುವ ಪ್ರಮಾಣವು ಸಹನಮಿತಿಯೊಳಗೇ ಅಡಗುವುದು. ಅಲ್ಪವಾದ ಅಪಚಾರವನ್ನು ಸಹಿಸಿ ಮಹತ್ತಾದ ಅನರ್ಥವನ್ನು ತಪ್ಪಿಸಿಕೊಂಡಂತಾಯಿತು.

ಇನ್ನೊಂದು ಕಾವಲೂ ಉಂಟು. ಕೀಲಂಕವು ತಂತ್ರಾಂಶಕ್ಕೆ ಎರಡು ದಾರಿಗಳಿಂದ ದೊರೆಯುವುದು: ಪಂಕ್ತಿಯನ್ನು ಉತ್ಪತ್ತಿಮಾಡಿದಾಗ ಒಮ್ಮೆ, ಸ್ತಂಭವನ್ನು ಉತ್ಪತ್ತಿಮಾಡಿದಾಗ ಮತ್ತೊಮ್ಮೆ. ಶಾಸ್ತ್ರದಂತೆ ಎರಡೂ ಒಂದೇ ಆಗಿರಬೇಕು. ಸಹನಮಿತಿಯನ್ನು ಮೀರಿ ವ್ಯತ್ಯಾಸ ಕಂಡರೆ, ಎರಡು ಸಾಕ್ಷಿಗಳ ಹೇಳಿಕೆಗಳು ಹೊಂದದಿದ್ದಾಗ ನ್ಯಾಯಾಧಿಪತಿಯು ಮಾಡುವಂತೆ, ಹೆಜ್ಜೆಯನ್ನು ಅಲ್ಲಿಗೇ ನಿಲ್ಲಿಸಿ ಮಾತೃಕೆಯನ್ನು ಹೊಸದಾಗಿ ಒಡೆದು ಮರುವಿಚಾರಣೆ ನಡೆಸುವುದು ಯುಕ್ತ.

ನಾಲ್ಕನೆಯದು ಚಕ್ರಕದ ತೊಡಕು. ವೆಚ್ಚಗುಣಕವು ಶೂನ್ಯವಾದ ಅವ್ಯಕ್ತವು ಆಯ್ಕೆಯಾದರೆ ಲಬ್ಧವೂ ಶೂನ್ಯ, ವೆಚ್ಚವು ಏರುವುದಿಲ್ಲ. ಇಂತಹ ಹೆಜ್ಜೆಗಳು ಒಂದರಮೇಲೊಂದು ಬಂದು ಕೊನೆಗೆ ಹೊರಟ ಎಡೆಗೇ ಮರಳಬಹುದು. ನೈಯಾಯಿಕರ ಚಕ್ರಕದೋಷಕ್ಕೂ ಇದಕ್ಕೂ ಹೆಸರಿನಲ್ಲಿ ಮಾತ್ರವೇ ಅಲ್ಲ, ಸ್ವಭಾವದಲ್ಲಿಯೂ ಸಾಮ್ಯವಿದೆ. ಸಿಂಪ್ಲೆಕ್ಸ್ ವಿಧಾನವು ಹೀಗೆ ಸುತ್ತುವುದಕ್ಕೆ ಬೀಲ್ ಎಂಬಾತನು ೧೯೫೫ರಲ್ಲಿ ಚಿಕ್ಕದೊಂದು ಉದಾಹರಣೆಯನ್ನು ಕೊಟ್ಟನು. ರಾಬರ್ಟ್ ಬ್ಲಾಂಡನು ೧೯೭೭ರಲ್ಲಿ, ಅರ್ಹವಾದವುಗಳಲ್ಲಿ ಕ್ರಮಾಂಕವು ಕನಿಷ್ಠವಾದುದನ್ನೇ ಯಾವಾಗಲೂ ಆರಿಸಿದರೆ ಚಕ್ರಕವು ಸಂಭವಿಸದೆಂದು ಸಾಧಿಸಿದನು. ತುಲ್ಯಬಲವುಳ್ಳ ಎರಡು ಸೂತ್ರಗಳು ವಿರೋಧಿಸಿದರೆ ಪಾಠಕ್ರಮದಲ್ಲಿ ಮುಂದಿನದೇ ಪ್ರವರ್ತಿಸತಕ್ಕದ್ದೆಂದು ಪಾಣಿನೀಯರ ಸಂಪ್ರದಾಯವು ಹೇಳುವ ವ್ಯವಸ್ಥೆಯನ್ನು ಇದು ನೆನಪಿಗೆ ತರುವುದು. ಎರಡರಲ್ಲಿಯೂ ನಿರ್ಣಾಯಕವಾದುದು ಕ್ರಮವೇ. ಆದರೆ ಬ್ಲಾಂಡನ ವಿಧಿಯು ನಿರ್ದುಷ್ಟವಾದರೂ ಬಹು ಮಂದಗಾಮಿ. ಆದಕಾರಣ ತಂತ್ರಾಂಶಕಾರರು ವೆಚ್ಚಗುಣಕಗಳಿಗೆ ಅತಿ ಸೂಕ್ಷ್ಮವಾದ, ಒಂದಕ್ಕೊಂದು ಹೊಂದದ ಸಂಖ್ಯೆಗಳನ್ನು ಕೂಡಿಸಿ ಸಾಮ್ಯವನ್ನೇ ಒಡೆದುಬಿಡುವರು. ಕೊನೆಯಲ್ಲಿ ಕೂಡಿಸಿದುದನ್ನು ಕಳೆದು, ಆಗ ವೆ��್ಚದ ಸಾಲಿನಲ್ಲಿ ಋಣಗುಣಕಗಳು ಕಂಡುಬಂದರೆ ಸಾಮಾನ್ಯ ಸಿಂಪ್ಲೆಕ್ಸಿನ ಕೆಲವು ಹೆಜ್ಜೆಗಳಿಂದ ಸರಿಪಡಿಸುವರು. ಕೂಡಿಸಿದುದನ್ನು ಕಳೆಯಲು ಮರೆತವನು ಬೇರೊಂದು ಪ್ರಶ್ನೆಗೆ ಉತ್ತರ ಕೊಟ್ಟವನಾಗುವನು.

ಐದನೆಯದು ಆರಂಭದ ತೊಡಕು. ನಮ್ಮ ಉದಾಹರಣೆಯಲ್ಲಿ ಬೆಲೆಗಳೆಲ್ಲ ಧನವಾಗಿದ್ದುದರಿಂದ ವ್ರತವು ಮೊದಲಿನಿಂದಲೇ ನಡೆಯಿತು. ಯಾವುದಾದರೊಂದರ ವೆಚ್ಚಗುಣಕವು ಋಣವಾಗಿದ್ದರೆ—ಎಂದರೆ ಅದನ್ನು ಬಳಸಿದಷ್ಟೂ ಲಾಭವಾಗುವಂತಿದ್ದರೆ—ಶೂನ್ಯದಿಂದ ಹೊರಡುವುದು ಸಲ್ಲದು. ಅಂತಹ ಅವ್ಯಕ್ತಕ್ಕೆ ಮೇಲಣ ಎಲ್ಲೆಯಿದ್ದರೆ ಅದನ್ನು ಆ ಎಲ್ಲೆಯಲ್ಲಿಯೇ ನಿಲ್ಲಿಸಿ, ಎಲ್ಲೆಯಿಂದ ಕೆಳಕ್ಕೆ ಅಳೆಯತೊಡಗಿದರೆ ಗುಣಕವು ಧನವಾಗುವುದು. ಎಲ್ಲೆಯಿಲ್ಲದಿದ್ದರೆ ಮೊದಲು ಬೇರೊಂದು ಸಹಾಯಕಪ್ರಶ್ನೆಯನ್ನು ಬಿಡಿಸಿ ಯೋಗ್ಯವಾದ ಆರಂಭವನ್ನು ಸಂಪಾದಿಸಬೇಕು.

೮. ಉಪಸಂಹಾರ

ಇಷ್ಟು ಪರಿಭಾಷೆಗಳೂ ಸೇರಿದಮೇಲೆಯೇ ಆ ನಾಲ್ಕು ವಾಕ್ಯಗಳ ವಿಧಿಯು ಕೆಲಸಕ್ಕೆ ಬರುವುದು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಹುವಾಂಗ್‌ಫು ಮತ್ತು ಹಾಲ್ ಎಂಬುವರ ಕೃಷಿಯಿಂದ ಬೆಳೆದ ‘ಹೈಸ್’ ಎಂಬ ತಂತ್ರಾಂಶದ ಮೂಲಲಿಪಿಯು ಎಲ್ಲರಿಗೂ ತೆರೆದಿದೆ. ಅಂತಹ ಗ್ರಂಥವನ್ನು ತೆರೆದು ನೋಡಿದವರಿಗೆ, ಮೂಲವಿಧಿಯು ಆಕ್ರಮಿಸುವ ಸ್ಥಳವು ಅತ್ಯಲ್ಪವೆಂದೂ, ಉಳಿದುದೆಲ್ಲವೂ ವ್ಯಾಖ್ಯಾನವಾರ್ತಿಕಗಳ ಸ್ಥಾನದಲ್ಲಿ ನಿಂತಿದೆಯೆಂದೂ ವ್ಯಕ್ತವಾಗುವುದು.

ಆದರೆ ಒಂದು ಪ್ರಶ್ನೆಯು ಉಳಿಯುವುದು. ಸಹನಮಿತಿಯನ್ನು ಒಪ್ಪಿಕೊಂಡಮೇಲೆ ಯಂತ್ರದ ‘ಇದೇ ಕನಿಷ್ಠ’, ‘ಇದಕ್ಕೆ ಉತ್ತರವಿಲ್ಲ’ ಎಂಬ ಮಾತುಗಳನ್ನು ನಂಬುವುದು ಹೇಗೆ? ಸತ್ರಕ್ಕೆ ಧಾನ್ಯವು ಸಾಲದೆಂದು ಯಂತ್ರವು ಹೇಳಿದರೆ ಉಪವಾಸವಿರುವವರು ಮನುಷ್ಯರು. ಇದಕ್ಕೆ ಉತ್ತರವು ಐದನೆಯ ವಿಭಾಗದಲ್ಲಿಯೇ ಇದೆ. ಈ ವಿಧಾನವು ನಿರ್ಣಯದೊಡನೆ ಹೇತುವನ್ನೂ ಕೊಡುವುದು. ಆ ಹೇತುವನ್ನು ನಿರ್ಣಯಕ್ಕೆ ಬಂದ ದಾರಿಯನ್ನು ಅವಲಂಬಿಸದೆ ಪರೀಕ್ಷಿಸಬಹುದು. ಆಪಲ್‌ಗೇಟ್, ಕುಕ್, ದಾಶ್, ಎಸ್ಪಿನೋಜಾ ಎಂಬ ನಾಲ್ವರು ೨೦೦೭ರಲ್ಲಿ ಇದೇ ಮಾರ್ಗವನ್ನು ಹಿಡಿದರು. ವೇಗದ ಲೆಕ್ಕವನ್ನು ಸ್ಥೂಲಸಂಖ್ಯೆಗಳಿಂದ ಮುಗಿಸಿ, ಅದು ತೋರಿಸಿದ ಎಡೆಯಲ್ಲಿ ಮಾತ್ರ ೧/೩, ೯/೫ ಎಂಬಂತಹ ಶುದ್ಧಭಿನ್ನಗಳಿಂದ ಉತ್ತರವನ್ನೂ ಹೇತುವನ್ನೂ ಪರೀಕ್ಷಿಸುವುದು. ಹೊಂದದಿದ್ದರೆ ಅಂಕಗಳ ಸಂಖ್ಯೆಯನ್ನು ಹೆಚ್ಚಿಸಿ ಮತ್ತೆ ಲೆಕ್ಕಮಾಡುವುದು ಅವರ ಕ್ರಮ. ಹುಡುಕಾಟದಲ್ಲಿ ಸಹನೆ, ಪರೀಕ್ಷೆಯಲ್ಲಿ ಕಾಠಿನ್ಯ—ಈ ವಿಭಾಗವು ಎಲ್ಲ ಶಾಸ್ತ್ರಗಳಿಗೂ ಹಿತವಾದುದು.

ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಬೋಧಿಸುವವರು ಸತ್ರದ ಉದಾಹರಣೆಯಂತಹ ಎರಡು ಪಂಕ್ತಿಗಳ ಲೆಕ್ಕವನ್ನು ಕೈಯಿಂದ ಮಾಡಿಸಿ, ಕೊನೆಯ ಸಾಲಿನ ಎರಡು ಸಂಖ್ಯೆಗಳಿಂದ ನಿರ್ಬಂಧಗಳನ್ನು ಗುಣಿಸಿ ಕೂಡಿಸುವಂತೆ ಹೇಳಲಿ. ಯಂತ್ರವು ಎಷ್ಟು ವೇಗದಿಂದ ಹೇಳಿತೆಂಬುದಕ್ಕಿಂತ, ಹೇಳಿದುದಕ್ಕೆ ಹೇತುವನ್ನು ಕೇಳುವ ಅಧಿಕಾರವು ತಮಗುಂಟೆಂಬುದನ್ನು ಅವರು ಅರಿತುಕೊಳ್ಳುವುದು ಮುಖ್ಯ.